ಒಂದು ಮತದ ಬೆಲೆ

ನಗರಸಭಾ ಸದಸ್ಯರೆಂದರೆ ನಿಮಗೆ ನೆನಪಾಗುವುದು ನಲ್ಲಿ ನೀರು, ಚರಂಡಿ, ಬೀದಿ ದೀಪಗಳಲ್ಲವೇ? ಇಂಥ ವಿಷಯಗಳನ್ನೇ ಹಿಡಿದು ಹೊರಟ ನಗರ ಸದಸ್ಯರೊಬ್ಬರು ದೇಶದ ಪ್ರಧಾನಿ ಯಾರೆಂಬುದನ್ನು ತೀರ್ಮಾನಿಸುವಲ್ಲಿ ನಿರ್ಣಾಯಕ ಪಾತ್ರ ವಹಿಸಿದ ನಿದರ್ಶನ ಐರ್ಲೆಂಡಿನಲ್ಲಿದೆ. ಅವರೇ ಟೋನಿ ಗ್ರೆಗರಿ.

ಗ್ರೆಗರಿ 1947ರಲ್ಲಿ ಡಬ್ಲಿನ್ ನಗರದಲ್ಲಿ ಜನಿಸಿದರು. ತಂದೆ ಬಂದರಿನ ಕೂಲಿಕಾರ. ಮಗ ಓದಿ ಶಾಲಾ ಶಿಕ್ಷಕರಾದರು. ಹಡಗಿನ ಸರಕು ದೊಡ್ಡ ಕಂಟೇನರುಗಳಲ್ಲಿ ಬರತೊಡಗಿದಾಗ ಬಂದರಿನ ಕೂಲಿ ಕೆಲಸ ಕುಗ್ಗಿತು. ಅದನ್ನೇ ನಂಬಿದ್ದ ಒಳನಗರದ ಕುಟುಂಬಗಳು ನಿರುದ್ಯೋಗಕ್ಕೆ ಸಿಲುಕಿದವು. ಮನೆಗಳು ಶಿಥಿಲಗೊಂಡವು. 1980ರ ಸುಮಾರಿಗೆ ಹೆರಾಯಿನ್ ಪಿಡುಗೂ ಕಾಲಿಟ್ಟಿತು. ಈ ಜನರ ಪರವಾಗಿ ಗ್ರೆಗರಿ 1979ರಲ್ಲಿ ಪಕ್ಷೇತರರಾಗಿ ನಗರಸಭೆಗೆ ಆಯ್ಕೆಯಾದರು.

ಪಕ್ಷದ ಬಲವಿಲ್ಲದೆ ಗೆದ್ದದ್ದು ಹೇಗೆ? ಐರ್ಲೆಂಡಿನಲ್ಲಿ ಒಂದು ಕ್ಷೇತ್ರದಿಂದ ಹಲವರು ಆಯ್ಕೆಯಾಗುತ್ತಾರೆ. ಮತದಾರರು ಅಭ್ಯರ್ಥಿಗಳಿಗೆ 1, 2, 3 ಎಂದು ಪ್ರಾಶಸ್ತ್ಯ ನೀಡುತ್ತಾರೆ. ಗೆದ್ದವರ ಹೆಚ್ಚುವರಿ ಮತಗಳೂ ಸೋತವರ ಮತಗಳೂ ಮುಂದಿನ ಪ್ರಾಶಸ್ತ್ಯದವರಿಗೆ ಹೋಗುತ್ತವೆ. ನಮ್ಮ ಶಾಸಕರು ರಾಜ್ಯಸಭೆಗೆ ಮತ ಹಾಕುವ ಕ್ರಮವೂ ಇದೇ. ಸ್ಥಳೀಯ ವಿಶ್ವಾಸ ಗಳಿಸಿದ ಪಕ್ಷೇತರರಿಗೆ ಇಲ್ಲಿ ಅವಕಾಶ ಹೆಚ್ಚು.

1982ರ ಫೆಬ್ರವರಿಯಲ್ಲಿ ಗ್ರೆಗರಿ ಸಂಸತ್ತಿನ ಕೆಳಮನೆಗೂ ಆಯ್ಕೆಯಾದರು. 166 ಸ್ಥಾನಗಳಲ್ಲಿ ಚಾರ್ಲ್ಸ್ ಹಾಹಿಯವರ ಪಕ್ಷಕ್ಕೆ ದೊರೆತದ್ದು 81. ಯಾರಿಗೂ ಬಹುಮತವಿಲ್ಲ! ಹಾಹಿ ಮತ್ತು ಅವರ ಎದುರಾಳಿ ಗ್ಯಾರೆಟ್ ಫಿಟ್ಜೆರಾಲ್ಡ್ ಇಬ್ಬರೂ ಈ ಹೊಸ ಸದಸ್ಯರೊಡನೆ ಮಾತುಕತೆ ನಡೆಸಿದರು. ಗ್ರೆಗರಿ ಮಂತ್ರಿ ಪದವಿ ಕೇಳಲಿಲ್ಲ. ಒಳನಗರಕ್ಕೆ ಮನೆಗಳು, ಉದ್ಯೋಗ, ಬಂದರು ಮಂಡಳಿಯ 27 ಎಕರೆ ಜಾಗದ ಅಭಿವೃದ್ಧಿ, ಮುಚ್ಚಿದ್ದ ಕಾಗದದ ಕಾರ್ಖಾನೆಯೊಂದರ ರಾಷ್ಟ್ರೀಕರಣ ಇವೇ ಅವರ ಬೇಡಿಕೆಗಳು. ಒಪ್ಪಂದವನ್ನು ಬರಹದಲ್ಲೇ ಪಡೆದರು. ಕಾರ್ಮಿಕ ಸಂಘದ ನಾಯಕರೊಬ್ಬರು ಸಾಕ್ಷಿಯಾದರು. ಮಾರ್ಚ್ 9ರಂದು ಗ್ರೆಗರಿ ಅದನ್ನು ಸದನದಲ್ಲೇ ಓದಿ ಕಡತಕ್ಕೆ ಸೇರಿಸಿದರು. ಹಾಹಿ 86–79 ಮತಗಳಿಂದ ಪ್ರಧಾನಿಯಾದರು.

ಆದರೆ ಆ ಸರ್ಕಾರ ನವೆಂಬರಿನಲ್ಲೇ ಬಿದ್ದಿತು. ಕೆಲವು ಮನೆಗಳು ಎದ್ದವು. ಉಳಿದ ಭರವಸೆಗಳಲ್ಲಿ ಬಹುಪಾಲು ಕಾಗದದಲ್ಲೇ ಉಳಿದವು. ಒಂದು ಮತಕ್ಕಾಗಿ ಒಂದೇ ಪ್ರದೇಶಕ್ಕೆ ಇಷ್ಟು ಹಣ ನ್ಯಾಯವೇ ಎಂಬ ಟೀಕೆಯೂ ಬಂತು. ಬಹುಕಾಲ ಅಲಕ್ಷ್ಯಕ್ಕೆ ಒಳಗಾದವರಿಗೆ ಬೇರೆ ದಾರಿ ಇತ್ತೇ ಎಂಬುದು ಅದಕ್ಕೆ ಎದುರಾದ ಪ್ರಶ್ನೆ.

ಗ್ರೆಗರಿ ಅಲ್ಲಿಗೆ ನಿಲ್ಲಲಿಲ್ಲ. ಬೀದಿ ವ್ಯಾಪಾರಿಗಳ ಪರವಾಗಿ ನಿಂತು 1986ರಲ್ಲಿ ಸೆರೆಮನೆ ಸೇರಿದರು. ಮಾದಕ ವಸ್ತುಗಳ ದಂಧೆಗಾರರ ಆಸ್ತಿ ಮುಟ್ಟುಗೋಲಿಗೆ ಒತ್ತಾಯಿಸಿದರು. ಅಂಥ ಕಾನೂನು 1996ರಲ್ಲಿ ಬಂತು. ಟೈ ಕಟ್ಟದೆಯೇ ಸದನಕ್ಕೆ ಹೋಗುತ್ತಿದ್ದ ಅವರನ್ನು ಜನ ಪ್ರತಿ ಚುನಾವಣೆಯಲ್ಲೂ ಗೆಲ್ಲಿಸಿದರು. 2009ರ ಜನವರಿ 2ರಂದು ತೀರಿಕೊಂಡಾಗಲೂ ಅವರು ಸಂಸತ್ ಸದಸ್ಯರಾಗಿದ್ದರು.

ಅತಂತ್ರ ಸದನದಲ್ಲಿ ಪಕ್ಷೇತರರ ಬೆಂಬಲಕ್ಕೆ ಬೆಲೆ ಬರುವುದನ್ನು ನೀವೂ ಕಂಡಿದ್ದೀರಿ. ಮುಂದೆ ಅಂಥ ಸುದ್ದಿ ಓದಿದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ: ಕೇಳಿದ್ದು ಯಾರಿಗಾಗಿ? ಕೇಳಿದ್ದನ್ನು ಎಲ್ಲರೆದುರು ಓದಬಲ್ಲರೇ?