ಕುರಿಹಟ್ಟಿಗೂ ಬಂದೀತೆ ಆಕಾಶದ ಪಾಠ?

ತುಂಗಭದ್ರೆಯ ದಂಡೆಯ ಹಲವಾಗಲು ಹರಪನಹಳ್ಳಿ ತಾಲ್ಲೂಕಿನ ಊರು. ಹೊಳೆ ತುಂಬಿ ಬಂದಾಗ ಹಲವಾಗಲು–ಗರ್ಭಗುಡಿ ರಸ್ತೆ ನೀರಿನಡಿ ಸಿಲುಕುವುದುಂಟು. ಆದರೆ ಹೊಳೆಯಿಂದ ತುಸು ದೂರ ಸರಿದರೆ ಸಾಕು, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯಲ್ಲೆಲ್ಲ ಬಹುಪಾಲು ಮಳೆಯನ್ನೇ ನಂಬಿದ ನೆಲ. ಮಳೆ ಕೈಕೊಟ್ಟರೆ ಹೊಲ ಬರಿದು. ಹೊಲ ಬರಿದಾದರೆ ಮನೆಗೆ ಬೀಗ. ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ಸೀಮೆಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರು ಒಂದು ಕಡೆ. ಬಳ್ಳಾರಿ ಕುರಿಯ ಹಿಂಡು ಹೊಡೆದುಕೊಂಡು, ಕೊಯ್ಲಾದ ಹೊಲ ಹುಡುಕಿಕೊಂಡು ನೀರಾವರಿ ಸೀಮೆಯ ಕಡೆಗೆ ನಡೆಯುವ ಕುರಿಗಾಹಿಗಳು ಇನ್ನೊಂದು ಕಡೆ.

ಹೀಗೆ ಹೊರಡುವವರ ಸಂಗಡ ಎಷ್ಟೋ ಸಲ ಮಕ್ಕಳೂ ಹೊರಡುತ್ತಾರೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ತಿಂಗಳುಗಟ್ಟಲೆ ಗೈರುಹಾಜರಿಯ ಗುರುತು ಬೀಳುತ್ತದೆ. ಮರಳಿ ಬಂದಾಗ ತರಗತಿ ಬಹಳ ಮುಂದೆ ಹೋಗಿರುತ್ತದೆ. ಹಿಂದುಳಿದ ಮಗುವಿಗೆ ನಾಚಿಕೆ, ನಾಚಿದ ಮಗುವಿಗೆ ಶಾಲೆಯೇ ಬೇಡ. ಕೊನೆಗೆ ಪುಸ್ತಕದ ಚೀಲದ ಜಾಗಕ್ಕೆ ಕುರಿ ಕಾಯುವ ಕೋಲು ಬರುತ್ತದೆ.

ಶ್ರೀಮಂತ ದೇಶಗಳಲ್ಲೂ ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡು ತಿರುಗುವವರಿದ್ದಾರೆ. ಅಮೆರಿಕದಲ್ಲಿ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲವೂ ಇರುವ ದೊಡ್ಡ ವಾಹನವನ್ನು ‘ಆರ್‌ವಿ’ ಎನ್ನುತ್ತಾರೆ. ಕಾಡು, ಮರುಭೂಮಿ, ಬೆಟ್ಟದ ತಪ್ಪಲು ಎಂದು ನೋಡದೆ ಅದನ್ನು ನಿಲ್ಲಿಸಿ ವಾರಗಟ್ಟಲೆ ಇರುತ್ತಾರೆ. ಇಂಥವರಿಗೆಂದೇ ಸ್ಟಾರ್‌ಲಿಂಕ್ ಕಂಪನಿ 2022ರ ಮೇ ತಿಂಗಳಲ್ಲಿ ಉಪಗ್ರಹದ ಮೂಲಕ ಇಂಟರ್ನೆಟ್ ಕೊಡುವ ಸೇವೆಯನ್ನು ಆರಂಭಿಸಿತು. ತಟ್ಟೆಯಂಥ ಆ್ಯಂಟೆನಾ ಒಂದನ್ನು ಬಯಲಲ್ಲಿಟ್ಟರೆ ಆಯಿತು. ಹತ್ತಿರ ಮೊಬೈಲ್ ಗೋಪುರ ಇರಬೇಕಾಗಿಲ್ಲ. ಕಾಡಿನ ನಡುವೆ ಕುಳಿತು ಅಪ್ಪ ಕಚೇರಿ ಕೆಲಸ ಮಾಡಬಹುದು, ಮಗಳು ಪಾಠ ಕೇಳಬಹುದು.

ಅವರದು ಮೋಜಿನ ಅಲೆದಾಟ, ನಮ್ಮವರದು ಹೊಟ್ಟೆಪಾಡಿನ ಅಲೆದಾಟ. ಅಲ್ಲಿ ವಾಹನಕ್ಕೆ ಬಂದದ್ದು ಇಲ್ಲಿ ಬಂಡಿಗೆ, ಟ್ರ್ಯಾಕ್ಟರಿಗೆ, ಕುರಿಹಟ್ಟಿಗೆ ಬರಲು ಸಾಧ್ಯವೇ? ಕೇಳಬೇಕಾದ ಪ್ರಶ್ನೆಯೇ ಸರಿ.

ಎತ್ತಿನ ಬಂಡಿಯ ಉಪಗ್ರಹ

ಬಂಡಿಗೂ ಉಪಗ್ರಹಕ್ಕೂ ಎಲ್ಲಿಯ ನಂಟು ಎಂದು ನಗುವವರು ಒಂದು ಪ್ರಸಿದ್ಧ ಚಿತ್ರವನ್ನು ನೆನೆಯಬೇಕು. 1981ರ ಜೂನ್ 19ರಂದು ಹಾರಿದ ‘ಆ್ಯಪಲ್’ ನಮ್ಮ ದೇಶದ ಮೊದಲ ಪ್ರಾಯೋಗಿಕ ಸಂಪರ್ಕ ಉಪಗ್ರಹ. ಉಡಾವಣೆಗೆ ಮುನ್ನ ಅದರ ಆ್ಯಂಟೆನಾವನ್ನು ಪರೀಕ್ಷಿಸಬೇಕಿತ್ತು. ಕಬ್ಬಿಣದ ಲಾರಿಯ ಮೇಲಿಟ್ಟರೆ ಲೋಹವು ಅಲೆಗಳಿಗೆ ಅಡ್ಡಿ ಮಾಡುತ್ತದೆ. ಆಗ ಇಸ್ರೊ ವಿಜ್ಞಾನಿಗಳಿಗೆ ಹೊಳೆದದ್ದು ಮರದ ಎತ್ತಿನ ಬಂಡಿ. ಬೆಂಗಳೂರಿನಲ್ಲಿ ಬಂಡಿಯ ಮೇಲೆ ಕುಳಿತ ಉಪಗ್ರಹದ ಆ ಚಿತ್ರವನ್ನು ಬಡತನದ ಗುರುತೆಂದು ಕೆಲವರು ಆಡಿಕೊಂಡದ್ದುಂಟು. ನಿಜವಾಗಿ ಅದು ಜಾಣತನದ ಗುರುತು.

ಅದಕ್ಕೂ ಮೊದಲೇ ಕರ್ನಾಟಕದ ಹಳ್ಳಿಗಳಿಗೆ ಆಕಾಶದಿಂದ ಪಾಠ ಇಳಿದಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿ.ವಿ. ಇಡಲಾಯಿತು. ನಮ್ಮ ರಾಜ್ಯದಿಂದ ಆಯ್ಕೆಯಾದವು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಹೊಳೆಯಾಚೆಯ ಕೊಪ್ಪಳ ಆಗ ರಾಯಚೂರು ಜಿಲ್ಲೆಯಲ್ಲೇ ಇತ್ತು; ಹೊಳೆಯೀಚೆಯ ಬಳ್ಳಾರಿ ಜಿಲ್ಲೆ ಪಟ್ಟಿಯಲ್ಲಿರಲಿಲ್ಲ. ಕೋಳಿಗೂಡಿಗೆ ಬಳಸುವಂಥ ತಂತಿ ಜಾಲರಿಯಿಂದ ಮಾಡಿದ, ಸುಮಾರು ಮೂರು ಮೀಟರ್ ಅಗಲದ ತಟ್ಟೆಯೇ ಆ್ಯಂಟೆನಾ. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರಿನ ಹಿರಿಯರಿಗೆ ಕಾರ್ಯಕ್ರಮ.

ವರ್ಷ ಮುಗಿಯಿತು, ಉಪಗ್ರಹವನ್ನು ಒಡೆಯರು ಹಿಂದಕ್ಕೆ ಕರೆಸಿಕೊಂಡರು. ಪ್ರಯೋಗದ ಆಯಸ್ಸೇ ಅಷ್ಟು. ಆದರೆ ನೋಡಲು ಕಲಿತ ಮಕ್ಕಳು ಅಲ್ಲೇ ಉಳಿದರು.

ಮುಂದೆ 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಮೀಸಲಾದ ‘ಎಜುಸ್ಯಾಟ್’ ಹಾರಿತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳೂ ಚಾಮರಾಜನಗರ ಜಿಲ್ಲೆಯ ನೂರಾರು ಪ್ರಾಥಮಿಕ ಶಾಲೆಗಳೂ ಅದರ ಫಲ ಕಂಡವು. 2010ರಲ್ಲಿ ಅದರ ಆಯಸ್ಸೂ ತೀರಿತು. ಈ ಎರಡು ಕಥೆಗಳಲ್ಲಿ ಒಂದು ಪಾಠವಿದೆ. ಆಕಾಶದಲ್ಲಿ ಯಂತ್ರ ಇಟ್ಟರೆ ಸಾಲದು. ಅದು ಹೋದ ಮೇಲೂ ಪಾಠ ನಿಲ್ಲದಂತೆ ನೆಲದ ಮೇಲೆ ಏರ್ಪಾಡು ಇರಬೇಕು.

ದೂರದ ಉಪಗ್ರಹ, ಹತ್ತಿರದ ಉಪಗ್ರಹ

ವಿದ್ಯಾರ್ಥಿಗಳು ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಟಿ.ವಿ.ಗೆ ಬಳಸುವ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. ಅಷ್ಟು ಎತ್ತರದಲ್ಲಿ ಅವು ಭೂಮಿಯನ್ನು ಸುತ್ತುವ ಸಮಯವೂ ಭೂಮಿ ತನ್ನನ್ನು ತಾನು ಸುತ್ತುವ ಸಮಯವೂ ಒಂದೇ. ಆದ್ದರಿಂದ ನಮ್ಮ ಕಣ್ಣಿಗೆ ಅವು ಆಕಾಶದಲ್ಲಿ ನಿಂತಲ್ಲೇ ನಿಂತಂತೆ. ತಟ್ಟೆಯನ್ನು ಒಮ್ಮೆ ತಿರುಗಿಸಿ ಬಿಗಿದರೆ ಆಯಿತು.

ತೊಡಕು ದೂರದ್ದು. ರೇಡಿಯೊ ಅಲೆ ಸೆಕೆಂಡಿಗೆ ಮೂರು ಲಕ್ಷ ಕಿ.ಮೀ. ಓಡುತ್ತದೆ. ಮೇಲೆ ಹೋಗಿ ಕೆಳಗೆ ಬರಲು 72,000 ಕಿ.ಮೀ. ಆಯಿತು, ಅಂದರೆ ಸುಮಾರು ಕಾಲು ಸೆಕೆಂಡು. ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡು. ಪಾಠ ನೋಡಲು ಇದರಿಂದ ತೊಂದರೆಯಿಲ್ಲ. ಗುರುಗಳೊಂದಿಗೆ ಮಾತಾಡಬೇಕಾದಾಗ ಮಾತ್ರ ಒಬ್ಬರ ಮಾತಿನ ಮೇಲೊಬ್ಬರ ಮಾತು ಬಿದ್ದು ಗೊಂದಲವಾಗುತ್ತದೆ.

ಸ್ಟಾರ್‌ಲಿಂಕ್‌ನಂಥ ಹೊಸ ಉಪಗ್ರಹಗಳು ಸುಮಾರು 550 ಕಿ.ಮೀ. ಎತ್ತರದಲ್ಲಷ್ಟೇ ಸುತ್ತುತ್ತವೆ. ಅಷ್ಟು ದೂರಕ್ಕೆ ಅಲೆಗೆ ಹಿಡಿಯುವ ಸಮಯ ಅತ್ಯಲ್ಪ. ಆದರೆ ಇವು ಒಂದೇ ಕಡೆ ನಿಲ್ಲುವುದಿಲ್ಲ. ಸುಮಾರು 95 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತಿ ಬರುತ್ತವೆ. ನಮ್ಮ ನೆತ್ತಿಯ ಮೇಲೆ ಕೆಲವೇ ನಿಮಿಷ. ಒಬ್ಬ ಕುರಿಗಾಹಿ ಸರದಿ ಮುಗಿಸಿ ಹಿಂಡನ್ನು ಮತ್ತೊಬ್ಬನ ವಶಕ್ಕೆ ಕೊಟ್ಟು ಹೋದಂತೆ, ಒಂದು ಉಪಗ್ರಹ ನಮ್ಮನ್ನು ಮುಂದಿನದಕ್ಕೆ ಒಪ್ಪಿಸಿ ಸಾಗುತ್ತದೆ. ಅದಕ್ಕೇ ಒಂದೆರಡಲ್ಲ, ಸಾವಿರಾರು ಉಪಗ್ರಹ ಬೇಕು. ಕೆಳಗಿನ ತಟ್ಟೆ ಅಲುಗಾಡದೆಯೇ ತನ್ನ ಅಲೆಯನ್ನು ವಿದ್ಯುತ್ ಚಮತ್ಕಾರದಿಂದ ಅತ್ತಿತ್ತ ತಿರುಗಿಸಿ ಅವನ್ನು ಹಿಂಬಾಲಿಸುತ್ತದೆ.

ಈ ಕೆಲಸದಲ್ಲಿ ನಮ್ಮ ರಾಕೆಟ್ಟಿಗೂ ಪಾಲಿದೆ. 1,200 ಕಿ.ಮೀ. ಎತ್ತರದಲ್ಲಿ ಸುತ್ತುವ ಒನ್‌ವೆಬ್ ಕಂಪನಿಯ ತಲಾ 36 ಉಪಗ್ರಹಗಳನ್ನು 2022ರ ಅಕ್ಟೋಬರ್ ಮತ್ತು 2023ರ ಮಾರ್ಚ್‌ನಲ್ಲಿ ಶ್ರೀಹರಿಕೋಟಾದಿಂದ ಕಕ್ಷೆಗೆ ಕಳುಹಿಸಿದ್ದು ಇಸ್ರೊದ ಎಲ್‌ವಿಎಂ-3.

ನೆರಳು ಬೇಕೋ, ಆಕಾಶ ಬೇಕೋ?

ಹೊಲದ ನಡುವೆ ಇದನ್ನು ಬಳಸಲು ಮೂರು ಸಂಗತಿ ಬೇಕು: ತೆರೆದ ಆಕಾಶ, ವಿದ್ಯುತ್, ಹಣ.

ಹಟ್ಟಿ ಹಾಕುವವರು ಮೊದಲು ಹುಡುಕುವುದು ಬೇವಿನ ಮರವನ್ನೋ ಹುಣಸೆ ಮರವನ್ನೋ. ಮನುಷ್ಯನಿಗೆ ನೆರಳು ಬೇಕು, ತಟ್ಟೆಗೆ ನೆರಳು ಆಗದು. ಕೊಂಬೆ ಅಡ್ಡ ಬಂದರೆ ಸಂಪರ್ಕ ಕಡಿದು ಕಡಿದು ಬರುತ್ತದೆ. ಅಮೆರಿಕದ ವಾಹನದವರೂ ಇದೇ ಗೋಳಾಡುತ್ತಾರೆ. ಅವರು ಕಂಡುಕೊಂಡ ದಾರಿ ಸರಳ: ವಾಹನ ನೆರಳಿಗೆ, ತಟ್ಟೆ ಉದ್ದದ ವೈರಿನ ತುದಿಯಲ್ಲಿ ಬಯಲಿಗೆ. ಜೋರು ಮಳೆ ಬಂದಾಗ ಮಾತ್ರ ಯಾರ ಉಪಾಯವೂ ನಡೆಯದು. ದಟ್ಟ ಮೋಡ, ಮಳೆಹನಿ ಅಲೆಯನ್ನು ಹೀರಿಕೊಳ್ಳುತ್ತವೆ.

ಎರಡನೆಯದು ವಿದ್ಯುತ್. ಸಣ್ಣ ಅಳತೆಯ ತಟ್ಟೆಗೆ ಸುಮಾರು 40 ವಾಟ್ ಬೇಕೆಂದುಕೊಳ್ಳೋಣ. ದಿನಕ್ಕೆ ನಾಲ್ಕು ತಾಸು ನಡೆಸಿದರೆ 160 ವಾಟ್-ಗಂಟೆ. ನಮ್ಮ ಬಯಲುಸೀಮೆಯ ಬಿಸಿಲಿಗೆ 100 ವಾಟಿನ ಸೌರಫಲಕ ದಿನಕ್ಕೆ ನಾಲ್ಕು ತಾಸಿನ ಪೂರ್ಣ ಬಿಸಿಲು ಕಂಡರೂ 400 ವಾಟ್-ಗಂಟೆಯಷ್ಟು ಕೊಡಬಲ್ಲದು. ಒಂದು ಫಲಕ, ಒಂದು 12 ವೋಲ್ಟ್ ಬ್ಯಾಟರಿ ಇದ್ದರೆ ಪಾಠವೂ ಆಯಿತು, ರಾತ್ರಿಯ ದೀಪವೂ ಆಯಿತು. ಬಿಸಿಲಿನ ವಿಷಯದಲ್ಲಾದರೂ ನಮ್ಮ ಸೀಮೆ ಬಡವಲ್ಲ.

ಮೂರನೆಯದೇ ದೊಡ್ಡದು. ಅಮೆರಿಕದಲ್ಲಿ ಈ ಸಲಕರಣೆಗೆ ನೂರಾರು ಡಾಲರ್, ಮೇಲೆ ತಿಂಗಳ ಬಾಡಿಗೆ. ಕುರಿಗಾಹಿ ಸಂಸಾರ ಒಂದೊಂದಕ್ಕೂ ಒಂದೊಂದು ತಟ್ಟೆ ಎನ್ನುವುದು ಆಗುಹೋಗದ ಮಾತು. ಆದರೆ ಕಬ್ಬಿನ ಸೀಮೆಯಲ್ಲಿ ಗುಳೆ ಬಂದವರ ನೂರು ಗುಡಿಸಲಿಗೆ ಒಂದು ಟೆಂಟ್ ಶಾಲೆ, ಆ ಶಾಲೆಗೆ ಒಂದು ತಟ್ಟೆ ಎಂದರೆ ಲೆಕ್ಕ ಬೇರೆಯಾಗುತ್ತದೆ. ‘ಸೈಟ್’ ದಿನಗಳಲ್ಲೂ ಊರಿಗೊಂದೇ ಟಿ.ವಿ. ಇತ್ತಲ್ಲವೇ?

ಇಲ್ಲಿ ಪೋಷಕರಿಗೆ ಒಂದು ಎಚ್ಚರಿಕೆಯ ಮಾತು. ಸ್ಟಾರ್‌ಲಿಂಕ್‌ಗೆ ನಮ್ಮ ದೇಶದಲ್ಲಿ ಸೇವೆ ನೀಡಲು ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿದ್ದು 2025ರ ಜೂನ್‌ನಲ್ಲಿ. ವಿದೇಶದಲ್ಲಿರುವ ನೆಂಟರು ತಂದುಕೊಟ್ಟರೆಂದು ಇಂಥ ತಟ್ಟೆಯನ್ನಾಗಲಿ ಉಪಗ್ರಹ ಫೋನನ್ನಾಗಲಿ ಅನುಮತಿಯಿಲ್ಲದೆ ಬಳಸುವುದು ಕಾನೂನಿಗೆ ವಿರುದ್ಧ. ಪರವಾನಗಿ ಪಡೆದವರಿಂದಲೇ, ರಸೀದಿಯೊಂದಿಗೆ ಕೊಳ್ಳಬೇಕು.

ಕೈಗೆಟುಕುವ ದಾರಿಗಳು

ದೊಡ್ಡ ತಟ್ಟೆ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಮನೆಮನೆಯ ಮಾಡಿನ ಮೇಲೆ ಕಾಣುವ ಸಣ್ಣ ಡಿಟಿಎಚ್ ತಟ್ಟೆಯೂ ಉಪಗ್ರಹದ್ದೇ. ದೂರದರ್ಶನದ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆಯಿಲ್ಲ. ಅದರಲ್ಲಿ ತರಗತಿವಾರು ಪಾಠದ ಪಿಎಂ ಇ-ವಿದ್ಯಾ ಚಾನೆಲ್‌ಗಳಿವೆ. ಕಾಲೇಜಿನವರಿಗೆ 2017ರಲ್ಲಿ ಆರಂಭವಾದ ಸ್ವಯಂಪ್ರಭಾ ಇದೆ. ನಮ್ಮ ಸೀಮೆಯಲ್ಲಿ ಈ ತಟ್ಟೆಯನ್ನು ಆಗ್ನೇಯ ದಿಕ್ಕಿಗೆ, ಎತ್ತರಕ್ಕೆ ಮುಖ ಮಾಡಿ ನಿಲ್ಲಿಸಬೇಕು. ಬಂಡಿಯಲ್ಲಿ ಸಾಗಿಸಲು ಭಾರವೂ ಅಲ್ಲ. ಇದರ ಕೊರತೆ ಒಂದೇ: ಕೇಳಬಹುದು, ಮರುಪ್ರಶ್ನೆ ಹಾಕಲಾಗದು.

ಎರಡನೆಯ ದಾರಿ, ಊರಲ್ಲಿದ್ದಾಗಲೇ ಬುತ್ತಿ ಕಟ್ಟಿಕೊಳ್ಳುವುದು. ದೀಕ್ಷಾ ಆ್ಯಪ್‌ನಲ್ಲಿ ಪಠ್ಯಪುಸ್ತಕ, ಪಾಠದ ವಿಡಿಯೊಗಳಿವೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಇಂಟರ್ನೆಟ್ ಸೌಲಭ್ಯವಿದ್ದರೆ ಅಲ್ಲೇ ಕುಳಿತು ಮುಂದಿನ ಎರಡು ತಿಂಗಳ ಪಾಠವನ್ನು ಫೋನಿಗೆ ತುಂಬಿಕೊಂಡರೆ, ಹೊಲದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ನೋಡಬಹುದು. ರೊಟ್ಟಿ, ಚಟ್ನಿಪುಡಿ ಕಟ್ಟಿಕೊಳ್ಳುವ ಹೊತ್ತಿಗೆ ಇದನ್ನೂ ಕಟ್ಟಿಕೊಳ್ಳಬೇಕು, ಅಷ್ಟೆ.

ಮೂರನೆಯದು ಕಾಗದಪತ್ರದ್ದು, ಬಹಳ ಮುಖ್ಯವಾದದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ, ಬೇರೆ ಊರಿಗೆ ಹೋದ ಮಗು ಅಲ್ಲಿನ ಸರ್ಕಾರಿ ಶಾಲೆಗೆ ಸೇರಬಹುದು. ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಸೇರಿಸಿಕೊಳ್ಳದೆ ಕಳುಹಿಸುವಂತಿಲ್ಲ. ಮಗುವಿನ ಸ್ಯಾಟ್ಸ್ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ದಾಖಲೆ ಹುಡುಕುವುದು ಸುಲಭ. ಊರು ಬಿಡುವ ಮುಂಚೆ ಮುಖ್ಯ ಗುರುಗಳಿಗೆ ಹೇಳಿ, ಅವರ ಫೋನ್ ನಂಬರು ಪಡೆದು ಹೋಗುವ ತಂದೆ-ತಾಯಿ ಮಗುವಿಗೆ ಅರ್ಧ ಶಾಲೆಯನ್ನು ಸಂಗಡವೇ ಒಯ್ದಂತೆ. ಅಜ್ಜ-ಅಜ್ಜಿಯೊಂದಿಗೋ ಹಾಸ್ಟೆಲಿನಲ್ಲೋ ಮಗುವನ್ನು ಊರಲ್ಲೇ ಬಿಡಲು ಸಾಧ್ಯವಿದ್ದರೆ ಅದಕ್ಕಿಂತ ಒಳ್ಳೆಯದು ಬೇರಿಲ್ಲ.

ತಟ್ಟೆಯ ಆಚೆ ತುದಿ

ಕೋವಿಡ್ ಕಾಲದಲ್ಲಿ ಮಲೆನಾಡಿನ ಮಕ್ಕಳು ನೆಟ್‌ವರ್ಕಿಗಾಗಿ ಗುಡ್ಡ ಹತ್ತಿದರು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ರಸ್ತೆಬದಿಯಲ್ಲಿ ಮಗಳು ಮಳೆಯಲ್ಲೇ ಪಾಠ ಕೇಳುತ್ತಿದ್ದಾಗ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೆಲ್ಲ ನೋಡಿತು. ಆ ಚಿತ್ರದಲ್ಲಿ ನೆಟ್‌ವರ್ಕಿನ ಕೊರತೆಯಷ್ಟೇ ಅಲ್ಲ, ಇನ್ನೆರಡು ಸಂಗತಿಗಳೂ ಇದ್ದವು: ಫೋನಿನ ಆಚೆ ತುದಿಯಲ್ಲಿ ಪಾಠ ಹೇಳುವ ಒಬ್ಬ ಶಿಕ್ಷಕರು, ಈಚೆ ತುದಿಯಲ್ಲಿ ಕೊಡೆ ಹಿಡಿಯುವ ಒಬ್ಬ ತಂದೆ. ಇವರಿಬ್ಬರಲ್ಲಿ ಯಾರೊಬ್ಬರಿಲ್ಲದಿದ್ದರೂ ಸಾವಿರ ಉಪಗ್ರಹ ನೆತ್ತಿಯ ಮೇಲೆ ಹಾದುಹೋದರೂ ಫಲವಿಲ್ಲ.

ಉಪಗ್ರಹದ ಇಂಟರ್ನೆಟ್ ಇಂದಲ್ಲ ನಾಳೆ ಅಗ್ಗವಾದೀತು. ಮೊಬೈಲ್ ಫೋನೂ ಒಂದು ಕಾಲಕ್ಕೆ ಶ್ರೀಮಂತರ ಜೇಬಿನಲ್ಲೇ ಇತ್ತು. ಆದರೆ ಇಂದು ನಾಲ್ಕನೆಯ ತರಗತಿಯಲ್ಲಿ ಓದುತ್ತಿರುವ ಹುಡುಗಿಗೆ ಆ ನಾಳೆಯವರೆಗೆ ಕಾಯಲು ಪುರುಸೊತ್ತಿಲ್ಲ. ಅವಳಿಗೆ ನಾಲ್ಕನೆಯ ತರಗತಿ ಒಂದೇ ಸಲ ಬರುತ್ತದೆ. ಈ ವರ್ಷ ಅವಳು ಗುಳೆ ಹೊರಟರೆ ಆ ಹೆಸರನ್ನು ಹಾಜರಿ ಪುಸ್ತಕದಲ್ಲಿ ಉಳಿಸಿಕೊಳ್ಳುವುದು, ವಾರಕ್ಕೊಮ್ಮೆ ಫೋನ್ ಮಾಡಿ ‘ಎಲ್ಲಿಯವರೆಗೆ ಓದಿದೆಯವ್ವಾ?’ ಎಂದು ಕೇಳುವುದು, ಇದಕ್ಕೆ ಯಾವ ತಟ್ಟೆಯೂ ಬೇಕಿಲ್ಲ. ಮುಂದೆ ತಟ್ಟೆ ಬಂದಾಗ ಅದನ್ನು ಬಳಸಬಲ್ಲವಳೂ ಹೀಗೆ ಓದು ಬಿಡದೆ ಉಳಿದ ಹುಡುಗಿಯೇ.