ಲ್ಯಾಪ್‌ಟಾಪ್ ಕಾದ ಹೆಂಚಾಗಿದ್ಯಾ?

ತೊಡೆ ಮೇಲಿಟ್ರೆ ಚುರ್ ಅನ್ನುತ್ತಾ? ಫ್ಯಾನ್ ಮಿಕ್ಸಿ ಥರ ಕೂಗುತ್ತಾ? ಮೊದಲು ಹಾಸಿಗೆಯಿಂದ ಎತ್ತಿ ಮೇಜಿನ ಮೇಲಿಡಿ. ಗಾಳಿ ಒಳಗೆ ಹೋಗೋ ತಳದ ಕಿಂಡೀನೇ ರಗ್ಗು ಮುಚ್ಚಿಬಿಡುತ್ತೆ.

ಒಳಗಿನ ಪ್ರೊಸೆಸರ್ ಚಿಪ್ 100 ಡಿಗ್ರಿ ಹತ್ರ ಹೋದ್ರೆ ತಾನೇ ವೇಗ ತಗ್ಗಿಸಿಕೊಳ್ಳುತ್ತೆ. ಕೆಲಸ ನಿಧಾನ ಆಗೋದು ಅದಕ್ಕೇ.

ಇನ್ನೂ ಬಿಸೀನಾ? ಆಫ್ ಮಾಡಿ, ಚಾರ್ಜರ್ ತೆಗೆದು, ತಳದ ಸ್ಕ್ರೂ ಬಿಚ್ಚಿ, ಬ್ಯಾಟರಿ ಕನೆಕ್ಟರ್ ಕಳಚಿ. ವಾರಂಟಿ ಇದ್ರೆ ಮಾತ್ರ ನೀವೇ ಬಿಚ್ಚೋಕೆ ಹೋಗ್ಬೇಡಿ, ಸರ್ವಿಸ್ ಸೆಂಟರ್‌ಗೆ ಕೊಡಿ.

ಫ್ಯಾನ್ ಪಕ್ಕದ ತೆಳು ಲೋಹದ ಪಟ್ಟಿಗಳನ್ನ ನೋಡಿ: ಧೂಳು ಕಂಬಳಿ ಥರ ಹೆಣೆದುಕೊಂಡಿದೆ! ಬ್ರಷ್‌ನಿಂದ ಮೆಲ್ಲಗೆ ಎತ್ತಿ. ಬ್ಲೋವರ್ ಬಿಡೋವಾಗ ಫ್ಯಾನ್ ರೆಕ್ಕೆಗೆ ಹಲ್ಲುಕಡ್ಡಿ ಅಡ್ಡ ಕೊಡಿ. ಸುಮ್ಮನೆ ಗಿರಗಿರ ತಿರುಗಿದ್ರೆ ಬೇರಿಂಗ್ ಹಾಳು.

ಆಗ್ಲೂ ತಣ್ಣಗಾಗ್ಲಿಲ್ವಾ? ಚಿಪ್ ಮೇಲೆ ಬಳಿದಿರೋ ಥರ್ಮಲ್ ಪೇಸ್ಟ್ ಒಣಗಿರಬಹುದು. ಹೊಸದು ಹಾಕಿಸಿ.