ಸೂಲಗಿತ್ತಿಗೆ ಹೊಸ ವಿದ್ಯೆ

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಅಕ್ಷರ ಕಲಿತವರಲ್ಲ. ಅಜ್ಜಿಯ ಹಿಂದೆ ಹಿಂದೆ ನಡೆದು, ಅವಳ ಕೈಯನ್ನು ನೋಡಿ ತಮ್ಮ ಕೈಯನ್ನು ತಿದ್ದಿಕೊಂಡು, ತಮ್ಮ ದೀರ್ಘ ಬಾಳಿನಲ್ಲಿ 15,000ಕ್ಕೂ ಮಿಕ್ಕ ಹೆರಿಗೆಗಳನ್ನು ಮಾಡಿಸಿದ ಮಹಾತಾಯಿ ಆಕೆ. 2018ರಲ್ಲಿ ಪದ್ಮಶ್ರೀ ಗೌರವ ಪಡೆದು, ಅದೇ ವರ್ಷದ ಡಿಸೆಂಬರ್ 25ರಂದು ಕಣ್ಣು ಮುಚ್ಚಿದರು. ಕಾಲದ ವಿಚಿತ್ರವೆಂದರೆ, ಹೊಸ ಬಗೆಯ ಸೂಲಗಿತ್ತಿಯರನ್ನು ಸಿದ್ಧಗೊಳಿಸುವ ಮಾರ್ಗಸೂಚಿಯನ್ನು ಭಾರತ ಸರ್ಕಾರವು ಹೊರತಂದುದೂ ಅದೇ ಡಿಸೆಂಬರಿನಲ್ಲಿ!

ನಮ್ಮ ನರ್ಸುಗಳೆಲ್ಲ ಸೂಲಗಿತ್ತಿಯರೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಕಾಗದದ ಮೇಲೆ ಅದು ನಿಜ. ನಮ್ಮ ದೇಶದಲ್ಲಿ ವ್ಯಾಸಂಗ ಮುಗಿಸಿದ ನರ್ಸಿನ ಹೆಸರು ನರ್ಸ್ ಎಂದೂ ಮಿಡ್‌ವೈಫ್ ಎಂದೂ ಎರಡು ರೀತಿಯಲ್ಲಿ ದಾಖಲಾಗುತ್ತದೆ. ಆದರೆ ಆಕೆಯ ಪಾಠಪಟ್ಟಿಯಲ್ಲಿ ಹೆರಿಗೆಯ ವಿದ್ಯೆ ಹತ್ತರೊಡನೆ ಹನ್ನೊಂದನೆಯದು. ಅದನ್ನೇ ಮುಖ್ಯ ವಿದ್ಯೆಯನ್ನಾಗಿ ಕಲಿಸಲು, ನರ್ಸಿಂಗ್ ಪದವಿ ಅಥವಾ ಡಿಪ್ಲೊಮಾ ಪಡೆದವರಿಗಾಗಿ ಏರ್ಪಟ್ಟದ್ದು ಹದಿನೆಂಟು ತಿಂಗಳ ಹೊಸ ಶಿಕ್ಷಣ. ತೆಲಂಗಾಣವು 2017ರಲ್ಲಿಯೇ ಯುನಿಸೆಫ್ ಹಾಗೂ ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆಯ ನೆರವಿನಿಂದ ಮೂವತ್ತು ಮಂದಿ ನರ್ಸುಗಳಿಗೆ ಇಂಥ ತರಬೇತಿಯನ್ನು ಆರಂಭಿಸಿತ್ತು. ಅವಸರಕ್ಕೆ ಕಾರಣವಿಲ್ಲದೆ ಇರಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆ ರಾಜ್ಯದಲ್ಲಿ ನೂರಕ್ಕೆ 60.7 ಹೆರಿಗೆಗಳು ಶಸ್ತ್ರಕ್ರಿಯೆಯಿಂದ ಆದವು, ಕರ್ನಾಟಕದಲ್ಲಿ 31.5. ಕತ್ತಿ ಎಷ್ಟೋ ತಾಯಂದಿರ ಪ್ರಾಣವನ್ನುಳಿಸಿದೆ, ನಿಜ. ಆದರೆ ಇಷ್ಟೊಂದು ಮಂದಿಗೆ ಅದು ಬೇಕಾಗಿತ್ತೆಂದು ನಂಬುವುದು ಕಷ್ಟ.

ಈ ವಿದ್ಯೆಯ ತಿರುಳು ತಾಳ್ಮೆ. ಬೇನೆ ತಿನ್ನುವ ಹೆಂಗಸನ್ನು ಅಂಗಾತ ಮಲಗಿಸಿ ಕಾಲೆತ್ತಿ ಕಟ್ಟುವುದು ಆಸ್ಪತ್ರೆಗಳ ಹಳೆಯ ರೂಢಿ. ಹೊಸ ಸೂಲಗಿತ್ತಿ ಆಕೆಯನ್ನು ನಡೆದಾಡಗೊಡುತ್ತಾಳೆ. ಕುಕ್ಕುರು ಕೂರುವುದೋ ಮಗ್ಗುಲಾಗುವುದೋ ಆಕೆಯ ಇಷ್ಟಕ್ಕೆ ಬಿಡುತ್ತಾಳೆ. ತಾಯಿಯನ್ನೋ ಅಕ್ಕನನ್ನೋ ಬಳಿಯಲ್ಲಿರಿಸುತ್ತಾಳೆ. ಗರ್ಭದ ಬಾಯಿ ಗಂಟೆಗೊಂದು ಸೆಂಟಿಮೀಟರಿನಂತೆ ತೆರೆಯಲೇಬೇಕೆಂಬ ಹಳೆಯ ಲೆಕ್ಕವನ್ನು ವಿಶ್ವ ಆರೋಗ್ಯ ಸಂಸ್ಥೆಯೇ 2018ರಲ್ಲಿ ಕೈಬಿಟ್ಟಿತು. ಎಲ್ಲರಿಗೂ ಹೊಲಿಗೆ ಹಾಕುವಂತೆ ಕೊಯ್ಯುವ ಪದ್ಧತಿಯೂ ಅದಕ್ಕೆ ಒಪ್ಪಿಗೆಯಿಲ್ಲ. ಆದರೆ ಕಾಯುವುದೆಂದರೆ ಸುಮ್ಮನೆ ಕೂರುವುದಲ್ಲ. ಮಗುವಿನ ಎದೆಬಡಿತ ತಗ್ಗಿದರೆ, ರಕ್ತಸ್ರಾವ ಮಿತಿ ಮೀರಿದರೆ, ವೈದ್ಯರನ್ನು ಕರೆಯುವ ಕ್ಷಣವನ್ನು ಅರಿಯುವುದೇ ಈ ವಿದ್ಯೆಯ ಅತಿ ಕಠಿಣ ಭಾಗ.

ಪ್ರಮಾಣಪತ್ರ ಕೈಸೇರಿದ ಮರುದಿನದಿಂದ ನಿಜವಾದ ಪರೀಕ್ಷೆ. ಹಿಂತಿರುಗುವುದು ಅದೇ ಆಸ್ಪತ್ರೆಗೆ. "ಇಷ್ಟು ದಿನ ನಡೆದ ರೀತಿ ಸಾಲದೇನಮ್ಮಾ?" ಎಂಬ ಹಿರಿಯ ಸಿಸ್ಟರುಗಳು ಅಲ್ಲಿದ್ದಾರೆ, "ಡಾಕ್ಟರು ಬರಲಿಲ್ಲವೇ?" ಎಂದು ಬಾಗಿಲಲ್ಲಿ ನಿಂತ ಬೀಗರಿದ್ದಾರೆ. ಮೊದಲ ಸಲ ತನ್ನ ಹೊಣೆಯ ಮೇಲೆಯೇ ಮಗುವನ್ನು ಬರಮಾಡಿಕೊಳ್ಳುವಾಗ ನಡುಗದ ಕೈ ಯಾವುದು? ಕೇಳಲು ಪಕ್ಕದಲ್ಲಿ ಒಬ್ಬರಿಲ್ಲದಿದ್ದರೆ, ಆರು ತಿಂಗಳಲ್ಲಿ ಹಳೆಯ ರೂಢಿಯೇ ಗೆಲ್ಲುತ್ತದೆ. ಸರದಿಯ ಬದಲಾವಣೆಯಲ್ಲಿ ಆಕೆಯನ್ನು ಕಣ್ಣಿನ ವಾರ್ಡಿಗೆ ಕಳುಹಿಸಿದರಂತೂ ಹದಿನೆಂಟು ತಿಂಗಳ ಶ್ರಮ ನೀರುಪಾಲು.

ನರಸಮ್ಮನವರಿಗೆ ಅಜ್ಜಿಯಿದ್ದಳು. ಆ ಅಜ್ಜಿಯ ಸ್ಥಾನವನ್ನು ನ್ಯೂಜಿಲೆಂಡಿನವರು ಕ್ರಮವಾಗಿ ತುಂಬಿದ್ದಾರೆ. ವೈದ್ಯರ ಅಪ್ಪಣೆಯಿಲ್ಲದೆ ಸ್ವತಂತ್ರವಾಗಿ ಹೆರಿಗೆ ಮಾಡಿಸಲು ಅಲ್ಲಿಯ ಸೂಲಗಿತ್ತಿಯರಿಗೆ 1990ರಲ್ಲಿ ಕಾನೂನು ಅಧಿಕಾರವಿತ್ತಿತು. 2007ರಿಂದ, ಹೊಸದಾಗಿ ವೃತ್ತಿಗಿಳಿದವಳಿಗೆ ಮೊದಲ ವರ್ಷವಿಡೀ ಅನುಭವಿ ಸೂಲಗಿತ್ತಿಯೊಬ್ಬಳ ಮಾರ್ಗದರ್ಶನದ ಏರ್ಪಾಡಾಯಿತು. ಅದರ ವೆಚ್ಚ ಸರ್ಕಾರದ್ದು. ಆಕೆ ಅಂಕ ಕೊಡುವ ಪರೀಕ್ಷಕಿಯಲ್ಲ. ದಿಗಿಲಾದಾಗ ಸಂಕೋಚವಿಲ್ಲದೆ ಕೇಳಬಹುದಾದ ಹಿರಿಯಳು.

ನಮ್ಮಲ್ಲಿ ಅಂಥ ಹಿರಿಯಳು ಎಲ್ಲಿಂದ ಬರಬೇಕು? ಮೊದಲ ತಂಡಗಳಲ್ಲಿ ಕಲಿತವರೇ ಮುಂದಿನವರಿಗೆ ಅಕ್ಕಂದಿರಾಗಬೇಕು. ಅದಕ್ಕಾಗಿ ಅವರನ್ನು ಹೆರಿಗೆ ವಾರ್ಡಿನಿಂದ ಕದಲಿಸದೆ ಇರಿಸಿಕೊಳ್ಳಬೇಕು. ಅವರಿಗೆಂದೇ ಹುದ್ದೆ, ಹುದ್ದೆಗೆ ತಕ್ಕ ಸಂಬಳ ಬೇಕು. ಸೂಲಗಿತ್ತಿಯರೇ ನಡೆಸುವ ಹೆರಿಗೆ ಘಟಕಗಳು ಹೆಚ್ಚು ಹೆರಿಗೆಯಾಗುವ ದೊಡ್ಡ ಆಸ್ಪತ್ರೆಗಳ ಒಳಗೇ ಇರಬೇಕೆಂಬುದು ಮಾರ್ಗಸೂಚಿಯ ಯೋಜನೆ. ಹಾಗಿರುವುದರಿಂದ, ಬಾಗಿಲಲ್ಲಿ ನಿಂತ ಬೀಗರು ಕೇಳುವ ಡಾಕ್ಟರೂ ಕೂಗಳತೆಯ ದೂರದಲ್ಲಿಯೇ ಇರುತ್ತಾರೆ.